ಮಗಳ ಹಿಂದೆ ಓಡಿದವರು ಯಾರು?

ಕಾಣದ್ದನ್ನು ಕಂಡೆ, ಕೇಳದ್ದನ್ನು ಕೇಳಿದೆ ಎನ್ನುವವರನ್ನು ನೋಡಿದರೆ ನನಗೆ ಮೊದಲಿನಿಂದಲೂ ನಗು. ದೈವಕ್ಕೆ ಕೈಮುಗಿಯುತ್ತೇನೆ, ಅದು ಬೇರೆ. ಆದರೆ ಬಾವಿ ತೋಡುವ ಕೆಲಸದಲ್ಲೇ ನನ್ನ ತಲೆ ನರೆತಿದೆ. ಹಗಲಿನಲ್ಲೂ ಕತ್ತಲೆ ಇರುವ ಜಾಗ ಅದು. ಅಲ್ಲಿ ನನಗೆ ನೀರು ಸಿಕ್ಕಿದೆ, ಬಂಡೆ ಸಿಕ್ಕಿದೆ, ಒಮ್ಮೆ ನಾಗರಹಾವೂ ಸಿಕ್ಕಿದೆ. ಬೇರೇನೂ ಸಿಕ್ಕಿಲ್ಲ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನ ಬರಹ ಇದು, ತಪ್ಪಿದ್ದರೆ ತಿದ್ದಿಕೊಂಡು ಓದಿ. ಆದರೆ ನಾನು ತೋಡಿದ ಬಾವಿ ಬೇಸಿಗೆಯಲ್ಲಿ ಬತ್ತಿದ್ದನ್ನು ಯಾರೂ ತೋರಿಸಲಾರರು. ಸುಳ್ಳು ಬರೆದು ನನಗೆ ಆಗಬೇಕಾದ್ದೂ ಏನಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಮಗಳು ಅಶ್ವಿತಾ ಪೊಲೀಸ್ ಕಾನ್‌ಸ್ಟೆಬಲ್ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಬರೆಯುವ ಪರೀಕ್ಷೆ ಅವಳಿಗೆ ನೀರು ಕುಡಿದಷ್ಟು ಸುಲಭ, ಓಟವೇ ಕಷ್ಟ. ಹಿಂದಿನ ಸಲ ಮೈದಾನದಲ್ಲಿ ಅರ್ಧ ಓಡಿ, ಉಸಿರು ಕಟ್ಟಿದಂತಾಗಿ ಕುಳಿತುಬಿಟ್ಟಿದ್ದಳು. ಡಾಕ್ಟರು ನೋಡಿ, ಎದೆಯಲ್ಲಿ ದೋಷ ಏನೂ ಇಲ್ಲ, ಬರೀ ಹೆದರಿಕೆ ಎಂದರು.

"ಇನ್ನೊಂದು ಸಲ ನೋಡ್ತೇನೆ ಪಪ್ಪ. ಆಗದಿದ್ರೆ ಗೇರುಬೀಜದ ಫ್ಯಾಕ್ಟರಿಗೆ ಹೋಗ್ತೇನೆ" ಎಂದಳು. ಚಿಕ್ಕಂದಿನಿಂದ ಖಾಕಿಯ ಕನಸು ಕಂಡವಳು. ಆ ಸಂಜೆಯೇ ನಾನು ಬೈಕಿಗೆ ಪೆಟ್ರೋಲ್ ಹಾಕಿಸಿದೆ.

ನಮ್ಮ ಮನೆ ಬೆಳುವಾಯಿಯಲ್ಲಿ. ಬೆಳಕು ಹರಿಯುವ ಹೊತ್ತಿಗೆ ಬೈಕಿನಲ್ಲಿ ಅವಳನ್ನು ಮೂಡುಬಿದಿರೆಗೆ ಕರೆದುಕೊಂಡು ಹೋಗತೊಡಗಿದೆ. ಅಲ್ಲಿ ಜೈನ ಅರಸರ ಕಾಲದ್ದು ಎನ್ನುವ ಒಂದು ಕೆರೆ ಉಂಟು. ಕೆಂಪುಕಲ್ಲಿನ ಮೆಟ್ಟಿಲು, ದಡದಲ್ಲಿ ಹಳೆಯದೊಂದು ಕಲ್ಲುಕಂಬ, ನೀರಿಗೆ ಬಾಗಿದ ದೊಡ್ಡ ಮರಗಳು. ಈಗ ಅದನ್ನು ಪಾರ್ಕ್ ಮಾಡಿ ಸುತ್ತಲೂ ಓಡಲು ದಾರಿ ಹಾಕಿದ್ದಾರೆ. ಮಗನ ಚಡ್ಡಿ ಹಾಕಿಕೊಂಡು ನಾನೂ ಅವಳ ಹಿಂದೆ ಓಡುತ್ತಿದ್ದೆ.

"ಪಪ್ಪ, ನೀವು ಓಡುವುದು ನೋಡಿದ್ರೆ ನಾಯಿ ಸಹ ಅಟ್ಟಿಸಿಕೊಂಡು ಬರ್ಲಿಕ್ಕಿಲ್ಲ. ಪಾಪ ಅಂತ ಬಿಡ್ತದೆ."

"ನನ್ನದು ಇರಲಿ ಮಾರಾಯ್ತಿ, ದಿನಾ ಆ ಕಂಬದ ಹತ್ತಿರ ನಿಲ್ಲುವವಳು ಯಾರು?"

ಹೌದು, ಕಂಬದ ತಿರುವು ಬಂದರೆ ಸಾಕು, ಅವಳ ಕಾಲು ನಿಲ್ಲುತ್ತಿತ್ತು. ಮಂಡಿಗೆ ಕೈಕೊಟ್ಟು ಬಾಗಿ ನಿಂತು ಮುಖ ಕೆಂಪು ಮಾಡಿಕೊಳ್ಳುತ್ತಿದ್ದಳು. ಅವಳಿಗೆ ಧೈರ್ಯ ಬರುವ ಹಾಗೆ ಏನಾದರೂ ಹೇಳಬೇಕು ಎಂದು ನನಗೆ ಆಸೆ. ಬಾಯಿಗೆ ಬರುತ್ತಿದ್ದುದು "ಹೂಂ, ಸಾಕು, ಏಳು" ಎಂಬುದೊಂದೇ.

ಆ ದಿನ ಕೆರೆಯ ಮೇಲೆ ಮಂಜು ಕುಳಿತಿತ್ತು. ಪಾರ್ಕಿನಲ್ಲಿ ಇನ್ನೂ ಯಾರೂ ಬಂದಿರಲಿಲ್ಲ. ಓಡಲು ಶುರು ಮಾಡಿ ಸ್ವಲ್ಪ ಹೊತ್ತಾಗಿತ್ತಷ್ಟೇ, ನನ್ನ ಮೀನಖಂಡ ಹಿಡಿದುಕೊಂಡಿತು. ಕೂಗಿದರೆ ಅವಳ ಓಟ ನಿಲ್ಲುತ್ತದೆ ಎಂದು ಕೂಗಲಿಲ್ಲ. ಕುಂಟುತ್ತಾ ಹೋಗಿ ಮೆಟ್ಟಿಲಿನ ಮೇಲೆ ಕುಳಿತು ಕಾಲು ತಿಕ್ಕುತ್ತಾ ಅವಳನ್ನೇ ನೋಡಿದೆ.

ನೀರಿನ ಆಚೆ ದಡದಲ್ಲಿ ಅವಳು ಓಡುತ್ತಿದ್ದಳು. ಮಂಜು ಇದ್ದರೂ ಅವಳ ಹಳದಿ ಟೀ-ಶರ್ಟ್ ಚೆನ್ನಾಗಿ ಕಾಣುತ್ತಿತ್ತು. ಮುಂದೆಯೂ ಹಿಂದೆಯೂ ಯಾರೂ ಇಲ್ಲ. ಕಂಬ ಬಂತು. ಅವಳು ನಿಲ್ಲಲಿಲ್ಲ. ತಲೆಯನ್ನು ಸ್ವಲ್ಪ ಬಲಕ್ಕೆ ತಿರುಗಿಸಿ ಏನೋ ಅಂದಂತೆ ಕಂಡಿತು. ಸ್ವಲ್ಪ ಮುಂದೆ ಮತ್ತೆ ಹಾಗೇ. ಅವಳ ಫೋನ್ ನನ್ನ ಕಿಸೆಯಲ್ಲೇ ಇತ್ತು, ಹಾಗಾದರೆ ಯಾರೊಡನೆ ಮಾತು ಎಂದುಕೊಂಡೆ. ಸುತ್ತು ಮುಗಿಸಿ, ದಾರಿಯ ಮೇಲೇ ಕಣ್ಣಿಟ್ಟು ನನ್ನನ್ನು ಗಮನಿಸದೆ ದಾಟಿ, ಇನ್ನೊಂದು ಸುತ್ತನ್ನೂ ನಿಲ್ಲದೆ ಓಡಿ, ಮೆಟ್ಟಿಲಿನ ಹತ್ತಿರ ಬಂದವಳು ನನ್ನನ್ನು ನೋಡಿ ಗಕ್ಕನೆ ನಿಂತಳು.

"ಇದೆಂಥ, ನೀವು ಇಲ್ಲಿ? ಈಗ ನನ್ನ ಹಿಂದೆ ಇದ್ರಲ್ಲ!"

"ನಾನು ಆಗಲೇ ಕೂತದ್ದು. ಕಾಲು ಹಿಡಿದಿದೆ ನೋಡು."

"ತಮಾಷೆ ಬೇಡ ಪಪ್ಪ. ಕಂಬದ ಹತ್ತಿರ ಕೇಳಿದ್ರಲ್ಲ, 'ಮಗಾ, ಗಾಳಿ ಉಂಡಾ?' ಅಂತ. ನಾನು 'ಉಂಡು' ಅಂದೆ. ಮತ್ತೆ ಮತ್ತೆ ಕೇಳಿದ್ರಿ. ಉತ್ತರ ಕೊಡ್ಲಿಕ್ಕೆ ಉಸಿರು ಬೇಕಲ್ಲ, ಅದಕ್ಕೇ ನಿಲ್ಲದೆ ಬಂದೆ."

ನನ್ನ ಮೈಯಲ್ಲಿ ಬೆವರಿನ ಹನಿಯೂ ಇಲ್ಲದ್ದನ್ನು ನೋಡಿ ಅವಳು ತಿರುಗಿ ಕಂಬದ ಕಡೆ ನೋಡಿದಳು.

ಗಾಳಿ ಉಂಟಾ ಎಂದು ತುಳುವಿನಲ್ಲಿ ಕೇಳುವ ಈ ಮಾತು ನನ್ನ ತಂದೆಯದು. ಅವರೂ ಬಾವಿ ತೋಡುತ್ತಿದ್ದವರು. ನಾನು ಹುಡುಗನಾಗಿ ಕೆಳಗೆ ಇಳಿದರೆ ಅವರು ದಂಡೆಯಲ್ಲಿ ಕುಳಿತು, ಬೀಡಿಯನ್ನೂ ಸೇದದೆ, ಆಗಾಗ ಹಾಗೆ ಕೇಳುತ್ತಿದ್ದರು. ಆಳದಲ್ಲಿ ಗಾಳಿ ಕೆಟ್ಟರೆ ಮೊದಲು ನಿಲ್ಲುವುದು ಮಾತು. ಉತ್ತರ ಬರುವುದು ಒಂಚೂರು ತಡವಾದರೂ ಹಗ್ಗ ಎಳೆದು ನನ್ನನ್ನು ಮೇಲಕ್ಕೆ ತರುತ್ತಿದ್ದರು. ಅಶ್ವಿತಾ ಹುಟ್ಟುವ ಮೊದಲೇ ಅವರು ತೀರಿಕೊಂಡರು. ನಾನು ಅವಳನ್ನು ಒಮ್ಮೆಯೂ ಮಗಾ ಎಂದು ಕರೆದವನಲ್ಲ. ಈಗ ಬಾವಿಗೆ ಫ್ಯಾನ್ ಇಳಿಸುತ್ತೇವೆ, ಆ ಮಾತನ್ನು ಯಾರೂ ಕೇಳುವುದಿಲ್ಲ. ನಾನು ನಿದ್ದೆಯಲ್ಲಿ ಕನವರಿಸಿದ್ದು ಅವಳ ಕಿವಿಗೆ ಬಿದ್ದಿರಬಹುದೇ ಎಂದು ಹೆಂಡತಿಯನ್ನು ವಿಚಾರಿಸಿದೆ. "ನಿದ್ದೆಯಲ್ಲಿ ನಿಮ್ಮದು ಗೊರಕೆ ಮಾತ್ರ" ಎಂದಳು.

ಓಟದ ಪರೀಕ್ಷೆ ಮಂಗಳೂರಿನಲ್ಲಿ ನಡೆಯಿತು. ಮನೆಯವರಿಗೆ ಒಳಗೆ ಪ್ರವೇಶ ಇರಲಿಲ್ಲ. ನಾನು ಗೇಟಿನ ಹೊರಗೆ ಬಿಸಿಲಿನಲ್ಲಿ ನಿಂತಿದ್ದೆ. ಮಧ್ಯಾಹ್ನ ಹೊರಗೆ ಬಂದವಳು ನನ್ನ ಎರಡೂ ಕೈ ಹಿಡಿದು, "ಆಯ್ತು ಪಪ್ಪ, ಪಾಸ್" ಎಂದು ಅಲ್ಲೇ ಅತ್ತಳು. ನಾನೂ ಅತ್ತೆ, ಬರೆಯಲು ನಾಚಿಕೆ ಏನೂ ಇಲ್ಲ.

ಬಸ್ಸಿನಲ್ಲಿ ಅವಳು ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು. ಇವತ್ತೂ ಯಾರಾದರೂ ಹಿಂದೆ ಬಂದಿದ್ದರೇ ಎಂಬ ಪ್ರಶ್ನೆ ದಾರಿಯುದ್ದಕ್ಕೂ ನಾಲಿಗೆಯ ತುದಿಯಲ್ಲಿತ್ತು. ಇಲ್ಲ ಎಂದರೆ ನನಗೆ ಬೇಸರವಾಗುತ್ತಿತ್ತು. ಹೌದು ಎಂದರೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಬೆಳುವಾಯಿ ಬಂದಾಗ ಅವಳೇ ಎಚ್ಚರಾಗಿ, "ಪಪ್ಪ, ಇಳಿಯುವ" ಎಂದಳು. ಇಳಿದೆವು. ಇವತ್ತಿನವರೆಗೂ ಕೇಳಿಲ್ಲ.