ಹೊನ್ನಮ್ಮ ಸೌದೆ ಆರಿಸುತ್ತಿದ್ದಾರೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗಾಳಿಬೀಡಿನ ಮನೆಯೊಂದರ ಹಿಂದಿನ ಹೊಗೆಕೋಣೆಯಲ್ಲಿ ಹೊನ್ನಮ್ಮ ಕುಕ್ಕರಗಾಲಲ್ಲಿ ಕೂತು ಪೇರಳೆ ಕೊಂಬೆಯ ಸಿಪ್ಪೆ ಕೆರೆಯುತ್ತಿದ್ದಾರೆ. ಕೆರೆದಲ್ಲಿ ಮೂಗು ಹಚ್ಚಿ ನೋಡುತ್ತಾರೆ. ಪೂರ್ತಿ ಒಣಗಿದೆಯೋ ಇಲ್ಲವೋ, ಅನುಮಾನ. ಇನ್ನೊಂದು ಕೊಂಬೆ ಎತ್ತಿಕೊಳ್ಳುತ್ತಾರೆ. ತಲೆಯ ಮೇಲೆ ಬಿದಿರ ಗಳುಗಳಲ್ಲಿ ಉಪ್ಪು, ಅರಿಸಿನ ಸವರಿದ ಹಂದಿ ಮಾಂಸದ ನಲವತ್ತು ಪಟ್ಟಿಗಳು. ಇವತ್ತಿಗೆ ಆರನೆಯ ದಿನ. ಇನ್ನು ನಾಲ್ಕು ದಿನ ಬೆಂಕಿ ಉರಿದೇಳಬಾರದು, ಆರಲೂಬಾರದು.

ನಮ್ಮ ಪುಟ್ಟ ಕೊಡಗು ರಾಜ್ಯದಿಂದ ಸೈನ್ಯದ ಪಟಾಲಮಿಗೆ ಹೋದ ಗಂಡಸರು ರಜೆ ಮುಗಿಸಿ ಹೊರಡುವಾಗ ಟ್ರಂಕಿನಲ್ಲಿ ಹೊಗೆಮಾಂಸದ ಗಂಟೊಂದು ಇರುತ್ತದೆ. ಈ ಸುತ್ತಮುತ್ತಲಲ್ಲಿ ಇಪ್ಪತ್ತೆರಡು ವರ್ಷ ಅದನ್ನು ಮಾಡಿಕೊಟ್ಟವರು ಹೊನ್ನಮ್ಮನ ಗಂಡ ಕುಶಾಲಪ್ಪ. ಹೋದ ವರ್ಷ ಬಂದ ಜ್ವರ ಇಳಿಯಿತು, ಆದರೆ ಅವರಿಗೆ ವಾಸನೆ ತಿಳಿಯುವುದು ನಿಂತಿತು. ಅದರ ಹಿಂದೆಯೇ ರುಚಿಯೂ ಹೋಯಿತು. ಕೆಲಸ ಹೆಂಡತಿಯ ಪಾಲಿಗೆ ಬಂತು. ಐವತ್ತರ ಹತ್ತಿರದ ಹೊನ್ನಮ್ಮ ಎಂಟು ತಿಂಗಳಿಂದ ಕಲಿಯುತ್ತಿದ್ದಾರೆ.

"ಹೇಳಿಕೊಡ್ತಾರೆ. ಕಾಫಿ ಸೌದೆಯಿಂದ ಶುರು ಮಾಡು, ಕೆಂಡ ನಿಲ್ತದೆ. ನೆಣ ಇದ್ರೆ ಪೇರಳೆ. ಹಲಸು ಕಡೇ ದಿನ, ಬಣ್ಣಕ್ಕೆ. ಅಷ್ಟು ನಂಗೂ ಬಾಯಿಪಾಠ. ಆದ್ರೆ ಹೊಗೆ ಕಹಿಗೆ ತಿರುಗ್ತಾ ಇಲ್ವಾ ಅಂತ ಯಾರನ್ನ ಕೇಳೋದು? ಅವರ ಮೂಗಲ್ಲಿದ್ದದ್ದು ಬಾಯಲ್ಲಿ ಹೇಳ್ಲಿಕ್ಕೆ ಬರೋದಿಲ್ಲ."

ಮೊದಲ ಸಲ ಹಸಿ ಸೌದೆ ಹಾಕಿ ಮಾಂಸಕ್ಕೆಲ್ಲ ಮಸಿ. ಎರಡನೆಯ ಸಲ, ಚೆನ್ನಾಗಿ ಒಣಗಿದೆಯಲ್ಲ ಎಂದು ಬೇಲಿಯ ನೀಲಗಿರಿ ತುಂಡು ಒಟ್ಟಿದರು. ಪಕ್ಕದ ಮನೆಯ ಬೆಳ್ಯಪ್ಪ ಚೂರು ಬಾಯಿಗಿಟ್ಟು, "ಹೊನ್ನಕ್ಕ, ಇದನ್ನ ತಿನ್ನೋದಾ, ನೆಗಡಿಗೆ ಎದೆಗೆ ತಿಕ್ಕೋದಾ?" ಎಂದರಂತೆ. ಹೊನ್ನಮ್ಮ ಇದನ್ನು ನಗುತ್ತ ಹೇಳುತ್ತಾರೆ, ನಗು ಬೇಗ ಮುಗಿಯುತ್ತದೆ. ಆ ಮಾಂಸವನ್ನೆಲ್ಲ ಹಿತ್ತಲಲ್ಲಿ ಹೂಳಿದ್ದಾಯಿತು.

ಈಗ ತೂಗುತ್ತಿರುವುದು ಬೆಳ್ಯಪ್ಪನವರ ಹಂದಿ. ಮುಂದಿನ ಭಾನುವಾರ ಅವರ ಮಗ ಕಾಶ್ಮೀರಕ್ಕೆ ಹೊರಡುತ್ತಾನೆ. "ಇದೂ ಕೆಟ್ರೆ ಇನ್ಯಾರೂ ತರೋದಿಲ್ಲ. ಕೋಣೆಗೆ ಬೀಗ ಹಾಕೋದೇ."

ಬಿಸಿಲೇರುವ ಹೊತ್ತಿಗೆ ಬೆಳ್ಯಪ್ಪ ಬರುತ್ತಾರೆ. ಹೊನ್ನಮ್ಮ ಒಂದು ತುಂಡು ಕೊಯ್ದು ಕೆಂಡದಲ್ಲಿ ಸುಟ್ಟು ಕೊಡುತ್ತಾರೆ. ಅವರು ನಿಧಾನ ಅಗಿಯುತ್ತಾರೆ. "ಕಹಿ ಇಲ್ಲ ಅಕ್ಕ. ಧೈರ್ಯವಾಗಿ ಟ್ರಂಕಿಗೆ ಹಾಕ್ಬಹುದು."

ಉಳಿದ ಚೂರು ಜಗಲಿಗೆ ಹೋಗುತ್ತದೆ. ಕುಶಾಲಪ್ಪ ಬಾಯಿಗಿಟ್ಟು, ಹೆಂಡತಿಯ ಮುಖ ನೋಡಿ, "ಚೆನ್ನಾಗುಂಟು" ಎನ್ನುತ್ತಾರೆ.

ಕೋಣೆಗೆ ಮರಳಿ ಹೊನ್ನಮ್ಮ ಕೆಂಡಕ್ಕೆ ಬೂದಿ ಮುಚ್ಚುತ್ತಾರೆ. "ಎಂತ ಕೊಟ್ರೂ ಚೆನ್ನಾಗುಂಟು ಅಂತಾರೆ. ಮೊದಲೆಲ್ಲ ಸಾರಿಗೆ ಉಪ್ಪು ಹರಳಷ್ಟು ಹೆಚ್ಚಾದ್ರೂ ಕೂಗಾಡೋರು. ಒಂದು ಸಲ ಬೈದ್ರೆ ಸಾಕಿತ್ತು ನಂಗೆ."