ತೆರೆಯ ವಾರಿಜಾ, ಸೆಟ್ಟಿನ ತಾಯಮ್ಮ

ರಾಜರಾಜೇಶ್ವರಿನಗರದ ಈ ಎರಡಂತಸ್ತಿನ ಮನೆಯಲ್ಲಿ ಯಾರೂ ವಾಸವಿಲ್ಲ. ಧಾರಾವಾಹಿಗಳ ಚಿತ್ರೀಕರಣಕ್ಕೆಂದೇ ಬಾಡಿಗೆಗೆ ಕೊಡುವ ಮನೆ. ಬೆಳಗಿನ ಆರು ಗಂಟೆಗೆ ಇಲ್ಲಿ ಎದ್ದಿರುವವರು ಇಬ್ಬರೇ. ಒಬ್ಬರು ಗೇಟಿನ ಕಾವಲುಗಾರರು, ಇನ್ನೊಬ್ಬರು ಮಹಡಿಯ ಕೋಣೆಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದಿರುವ ಮುನಿತಾಯಮ್ಮ. ವಿಜಯನಗರದಿಂದ ಮೊದಲ ಮೆಟ್ರೊ ಹಿಡಿದು ಬಂದಿದ್ದಾರೆ. ಇವತ್ತು ನಾಯಕಿಯ ಮದುವೆಯ ದೃಶ್ಯ. ಕೆಂಪು ರೇಷ್ಮೆ ಸೀರೆಯನ್ನು ಹಾಸಿಗೆಯ ಮೇಲೆ ಹರಡಿ, ಸೆರಗಿನ ಮಡಿಕೆಗಳನ್ನು ಒಂದೊಂದಾಗಿ ಅಂಗೈಯಿಂದ ಒತ್ತುತ್ತಿದ್ದಾರೆ.

ಏಳರ ಹೊತ್ತಿಗೆ ನಾಯಕಿ ಚೇತನಾ ಆಕಳಿಸುತ್ತಾ ಒಳಗೆ ಬರುತ್ತಾಳೆ. "ಆಂಟಿ, ಬೇಗ ಉಡ್ಸಿ. ಮೇಕಪ್‌ನವ್ರು ಕರೀತಾ ಇದಾರೆ."

"ನೆಟ್ಟಗೆ ನಿಂತ್ಕೊ ಮಗಳೇ. ಸೊಂಟದ ಹತ್ರ ಒಂದು ಪಿನ್ನು ಜಾಸ್ತಿ ಹಾಕ್ತೀನಿ. ಹೆಜ್ಜೆ ಇಡೋವಾಗ ನೆರಿಗೆ ಬಿಚ್ಕೊಂಡ್ರೆ ಮತ್ತೆ ಎಲ್ಲಾ ಮೊದಲಿಂದ."

ಒಂದು ಸೀರೆಗೆ ಆರು ನಿಮಿಷ. ದಿನಕ್ಕೆ ಹದಿನೈದರಿಂದ ಇಪ್ಪತ್ತು ಸೀರೆ. ಈ ವರ್ಷ ಇಲ್ಲಿಯವರೆಗೆ ಮುನಿತಾಯಮ್ಮ ಅಲಂಕರಿಸಿದ ಧಾರಾವಾಹಿ ಮದುವಣಗಿತ್ತಿಯರು ಹನ್ನೊಂದು ಮಂದಿ. ಆ ಹನ್ನೊಂದು ಮಂದಿಯಲ್ಲಿ ಒಬ್ಬಳಿಗೂ ಗೊತ್ತಿರಲಾರದು, ತಮ್ಮ ಅಮ್ಮಂದಿರು ಚಿಕ್ಕವರಿದ್ದಾಗ ಪ್ರತಿ ಬುಧವಾರ ಸಂಜೆ ಪಕ್ಕದ ಮನೆಯ ಕಪ್ಪು-ಬಿಳುಪು ಟೀವಿಯ ಮುಂದೆ ಚಾಪೆ ಹಾಸಿಕೊಂಡು ಕಾಯುತ್ತಿದ್ದುದು ಈಕೆಯ ಮುಖಕ್ಕಾಗಿ ಎಂದು.

'ಹದಿನೇಳನೇ ನಂಬರಿನ ಮನೆ' ಧಾರಾವಾಹಿಯನ್ನು ನೋಡಿದ್ದವರಿಗೆ ವಾರಿಜಾಳ ನೆನಪಿರುತ್ತದೆ. ಗುಮಾಸ್ತನ ಹೆಂಡತಿ, ಎಷ್ಟು ನೋವಿದ್ದರೂ ಬಾಯಿ ಬಿಡದವಳು, ಅಡುಗೆಮನೆಯ ಕಿಟಕಿಯಲ್ಲಿ ನಿಂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದವಳು. ಟೈಟಲ್ ಕಾರ್ಡಿನಲ್ಲಿ ಬರುತ್ತಿದ್ದ ಹೆಸರು ರಮ್ಯಶ್ರೀ. ಕೆಂಗೇರಿಯ ಹೂವಿನ ತೋಟದ ಮನೆಯಲ್ಲಿ ಹುಟ್ಟಿ, ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಊದುಬತ್ತಿ ಕಟ್ಟುತ್ತಿದ್ದ ಮುನಿತಾಯಮ್ಮನಿಗೆ ನಿರ್ದೇಶಕರು ಇಟ್ಟ ಹೆಸರು ಅದು. ಕಾರ್ಖಾನೆಯ ರಾಜ್ಯೋತ್ಸವದ ನಾಟಕದಲ್ಲಿ ಅವರು ಈಕೆಯನ್ನು ಕಂಡಿದ್ದರು.

"ಮುನಿತಾಯಮ್ಮ ಅಂದ್ರೆ ಟೀವಿಗೆ ಒಗ್ಗಲ್ಲ ಅಂದ್ರು. ನಂಗೇನು, ಹೂಂ ಅಂದೆ" ಎಂದು ನಗುತ್ತಾರೆ. ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ. ಈಗ ಅರವತ್ತೆರಡು.

ವಾರಿಜಾಳ ಗಂಡನ ಪಾತ್ರ ಮಾಡುತ್ತಿದ್ದವರು ರಂಗಭೂಮಿಯಿಂದ ಬಂದ ಸೇತುರಾಮ. ಎತ್ತರದ ಆಳು, ಗಂಭೀರ ಕಂಠ. ಇಬ್ಬರೂ ಎಲ್ಲಿಗೆ ಹೋದರೂ ಜನ ಗಂಡ-ಹೆಂಡತಿಯೆಂದೇ ಮಾತಾಡಿಸುತ್ತಿದ್ದರು. ಹೋಟೆಲಿನಲ್ಲಿ ಒಂದೇ ಮೇಜು ಕೊಡುತ್ತಿದ್ದರು, ಬಸ್ಸಿನಲ್ಲಿ ಎದ್ದು ಜೋಡಿ ಸೀಟು ಬಿಡುತ್ತಿದ್ದರು. ಒಂದು ವರ್ಷ ಹೀಗೇ ಕಳೆದ ಮೇಲೆ ಸೇತುರಾಮ ಮದುವೆಯ ಮಾತೆತ್ತಿದರು, ಮುನಿತಾಯಮ್ಮ ಒಪ್ಪಿದರು. ವಿಜಯನಗರದ ಛತ್ರದಲ್ಲಿ ಮದುವೆ. ಕರೆದವರು ಮುನ್ನೂರು, ಬಂದವರು ಸಾವಿರದ ಮೇಲೆ. ಬೀದಿಯಲ್ಲಿ ಬಸ್ಸು ನಿಂತುಹೋಯಿತು. ಅಡುಗೆಯವರು ಮೂರು ಸಲ ಅಕ್ಕಿ ತರಿಸಿದರು. ಉಡುಗೊರೆಗಳ ಮೇಲೆಲ್ಲ ಬರೆದಿದ್ದದ್ದು ಒಂದೇ ಹೆಸರು: ವಾರಿಜಾ.

"ನಂಗೂ ಎಲ್ಲಾ ಕನಸಿನ ಥರಾ ಇತ್ತು ಸಾರ್. ಆ ದಿನ ಎಷ್ಟು ಚೆನ್ನಾಗಿತ್ತು ಅಂತೀರಾ, ಈಗ್ಲೂ ನೆನೆಸ್ಕೊಂಡ್ರೆ ಮಲ್ಲಿಗೆ ವಾಸನೆ ಬರುತ್ತೆ. ಸುಳ್ಳು ಹೇಳಲ್ಲ."

ಧಾರಾವಾಹಿ ಮುಗಿಯಿತು. ಮನೆಯಲ್ಲಿ ಮಾತ್ರ ಸೇತುರಾಮ ಆಕೆಯನ್ನು ವಾರಿಜಾ ಎಂದೇ ಕರೆಯುತ್ತಿದ್ದರು. ಮುನಿತಾಯಮ್ಮ ಎದುರು ಮಾತಾಡಿದರೆ, ತವರಿಗೆ ಹೋಗಿ ಎರಡು ದಿನ ಉಳಿದರೆ, ಜೋರಾಗಿ ನಕ್ಕರೆ, "ವಾರಿಜಾ ಹೀಗೆ ಮಾಡ್ತಿರ್ಲಿಲ್ಲ" ಎನ್ನುತ್ತಿದ್ದರು.

"ವಾರಿಜಾಗೆ ಮಾತು ಬರೆದುಕೊಡೋರು ಬೇರೆ ಇದ್ರು. ನನ್ನ ಮಾತು ನಾನೇ ಆಡ್ಬೇಕಲ್ವಾ?" ಎಂದು ಮುನಿತಾಯಮ್ಮ ಕೇಳುತ್ತಾರೆ.

ಹೊಸ ಪಾತ್ರಗಳು ಏಕೆ ಬರುತ್ತಿಲ್ಲ ಎಂಬುದು ಅವರಿಗೆ ಬಹಳ ದಿನ ತಿಳಿಯಲಿಲ್ಲ. ಒಂದು ಮಧ್ಯಾಹ್ನ ಬಸವೇಶ್ವರನಗರದ ಬಸ್‌ಸ್ಟಾಪಿನಲ್ಲಿ ಪರಿಚಯದ ನಿರ್ಮಾಪಕರೊಬ್ಬರು ಕಂಡರು. "ಆರೋಗ್ಯ ಹೇಗಿದೆಯಮ್ಮ ಈಗ?" ಎಂದರು. ಮುನಿತಾಯಮ್ಮನಿಗೆ ಅರ್ಥವಾಗಲಿಲ್ಲ. "ಪಾತ್ರಕ್ಕೆ ಅಂತ ಮೂರು ಸಲ ಹೇಳಿ ಕಳಿಸ್ದೆ. ಹುಷಾರಿಲ್ಲ, ಇನ್ನು ಆಕ್ಟಿಂಗ್ ಮಾಡಲ್ಲ ಅಂದ್ರಲ್ಲ ನಿಮ್ಮ ಯಜಮಾನ್ರು?" ಸೇತುರಾಮರಿಗೆ ಆಗ ಕೆಲಸ ಕಡಿಮೆಯಾಗಿತ್ತು. ಹೆಂಡತಿಗೆ ಬಂದ ಕೆಲಸವನ್ನೂ ಬಾಗಿಲಲ್ಲೇ ವಾಪಸ್ ಕಳಿಸುತ್ತಿದ್ದರು.

ಆ ವಾರವೇ ಮುನಿತಾಯಮ್ಮ ಒಂದು ಟ್ರಂಕು ಹಿಡಿದು ಮನೆ ಬಿಟ್ಟರು. ಮದುವೆಯಾಗಿ ನಾಲ್ಕು ವರ್ಷವಾಗಿತ್ತು.

ಜನ ಕ್ಷಮಿಸಲಿಲ್ಲ. ಬೈದು ಬರೆದ ಕಾಗದಗಳು ಕೆಂಗೇರಿಯ ವಿಳಾಸಕ್ಕೂ ಬಂದವು. ರಾಜಾಜಿನಗರದ ಮಾರುಕಟ್ಟೆಯಲ್ಲಿ ಹೂವಿನ ಹೆಂಗಸೊಬ್ಬಳು ಕಟ್ಟಿಕೊಟ್ಟಿದ್ದ ಮಲ್ಲಿಗೆಯನ್ನು ಕೈಯಿಂದ ವಾಪಸ್ ಇಸಿದುಕೊಂಡಳು. "ಅಂಥಾ ಗಂಡನ್ನ ಬಿಟ್ಟು ಬಂದ್ಯಲ್ಲಾ, ನಿಂಗ್ಯಾಕೆ ಹೂವು?" ನಿರ್ಮಾಪಕರು ಹಿಂಜರಿದರು. ಅಷ್ಟರಲ್ಲಿ ಹೊಸ ವಾಹಿನಿಗಳು, ಹೊಸ ಮುಖಗಳು ಬಂದವು. ರಮ್ಯಶ್ರೀಯನ್ನು ಯಾರೂ ಕರೆಯಲಿಲ್ಲ.

ಕರೆದವರು ಒಬ್ಬರೇ. ಆ ಹಳೆಯ ಧಾರಾವಾಹಿಯ ಬಟ್ಟೆಬರೆ ನೋಡಿಕೊಳ್ಳುತ್ತಿದ್ದ, ಗದಗಿನ ಕಡೆಯ ಶಂಭುಲಿಂಗಪ್ಪ. ಅವರು ಕೊಟ್ಟ ಕೆಲಸ ಪಾತ್ರದ್ದಲ್ಲ, ಇಸ್ತ್ರಿಯದ್ದು. ಕ್ಯಾಮರಾದ ಮುಂದೆ ನಿಂತಿದ್ದವರು ಹಿಂದಿನ ಕೋಣೆಗೆ ಹೋಗುವುದು ಸುಲಭವಿರಲಿಲ್ಲ. ಮೊದಲ ದಿನ ಮುನಿತಾಯಮ್ಮ ಬಚ್ಚಲಿಗೆ ಹೋಗಿ ಅತ್ತು ಬಂದರಂತೆ. ಶಂಭುಲಿಂಗಪ್ಪ ಒಂದು ಲೋಟ ಚಹಾ ಇಟ್ಟು ಹೋದರು. ಸೇತುರಾಮರಿಂದ ವಿಚ್ಛೇದನವೂ ಆಯಿತು. ನಾಲ್ಕು ವರ್ಷ ಜೊತೆಯಲ್ಲಿ ಕೆಲಸ ಮಾಡಿದ ಮೇಲೆ ಇಬ್ಬರೂ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದರು. ಬಂದಿದ್ದವರು ಸಾಕ್ಷಿಯಾಗಿ ಸಹಿ ಹಾಕಲು ಬಂದ ಮೂವರು. ಮದುವೆ ಮುಗಿಸಿ ಮಧ್ಯಾಹ್ನದ ಶೂಟಿಂಗಿಗೆ ಹೋದರು.

ಈ ಮದುವೆಗೆ ಈಗ ಇಪ್ಪತ್ತೊಂಬತ್ತು ವರ್ಷ. ಅದರ ನಡುವೆ ಒಂದು ಘಟನೆ ನಡೆಯಿತು. ಅದನ್ನು ಹೇಳುವಾಗ ಮುನಿತಾಯಮ್ಮ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಾರೆ.

ಹನ್ನೊಂದು ವರ್ಷದ ಹಿಂದೆ ಸೇತುರಾಮರಿಗೆ ಪಾರ್ಶ್ವವಾಯು ಹೊಡೆಯಿತು. ಮಾತು ನಿಂತಿತು. ನಾಗರಬಾವಿಯ ಬಾಡಿಗೆ ಕೋಣೆಯಲ್ಲಿ ನೋಡುವವರಿಲ್ಲದೆ ಮಲಗಿದ್ದಾರೆ ಎಂಬ ಸುದ್ದಿ ಕೇಳಿ ಶಂಭುಲಿಂಗಪ್ಪ ನೋಡಲು ಹೋದರು. ಸಂಜೆ ಆಟೊದಲ್ಲಿ ಅವರನ್ನೂ ಕೂರಿಸಿಕೊಂಡು ಮನೆಗೆ ಬಂದರು.

"ಯಾರನ್ನ ಕೇಳಿ ಕರ್ಕೊಂಡ್ ಬಂದ್ರಿ?" ಎಂದು ಮುನಿತಾಯಮ್ಮ ಬಾಗಿಲಲ್ಲೇ ಸಿಡಿದರು.

"ಯಾರ್ನೂ ಕೇಳಿಲ್ಲ. ಕೇಳಿದ್ರ ನೀ ಬ್ಯಾಡ ಅಂತಿದ್ದಿ" ಎಂದರು ಶಂಭುಲಿಂಗಪ್ಪ. "ಅವ್ರ ಮೈಮ್ಯಾಗಿನ ಅಂಗಿ ನೋಡು. ನಾಕ್ ದಿನದಿಂದ ಬದಲಿ ಮಾಡಿಲ್ಲ."

ಮೂರು ದಿನ ಮುನಿತಾಯಮ್ಮ ಶಂಭುಲಿಂಗಪ್ಪನವರ ಜೊತೆ ಮಾತಾಡಲಿಲ್ಲ. ಆ ಮೂರೂ ದಿನ ಸೇತುರಾಮರಿಗೆ ಗಂಜಿ ಕುಡಿಸಿದ್ದೂ, ಮೈ ಒರೆಸಿದ್ದೂ ಶಂಭುಲಿಂಗಪ್ಪನವರೇ. ನಾಲ್ಕನೆಯ ದಿನ ಅವರು ಶೂಟಿಂಗಿಗೆ ಹೋಗಲೇಬೇಕಾಯಿತು. ಅಂದು ಮುನಿತಾಯಮ್ಮ ಬಟ್ಟಲು ಹಿಡಿದು ಸೇತುರಾಮ ಮಲಗಿದ್ದ ಮುಂದಿನ ಕೋಣೆಗೆ ಹೋದರು. ಹಾಗೆ ಹತ್ತು ತಿಂಗಳು. ಸ್ಪೀಚ್ ಥೆರಪಿಯವರು ಬಂದು ದಿನಾ ಸೇತುರಾಮರಿಂದ ಒಂದೊಂದು ಅಕ್ಷರ ಹೇಳಿಸುತ್ತಿದ್ದರು. ಒಂದು ಮಧ್ಯಾಹ್ನ ಮುನಿತಾಯಮ್ಮ ನೀರಿನ ಲೋಟ ಇಟ್ಟು ಹೊರಡುತ್ತಿದ್ದಾಗ ಹಿಂದಿನಿಂದ ತೊದಲು ಧ್ವನಿ ಬಂತು.

"ತಾ... ತಾಯಮ್ಮ."

ಮದುವೆಯಾದ ದಿನದಿಂದ ಅವರು ಆ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಅಷ್ಟಕ್ಕೇ ಎಲ್ಲಾ ಕ್ಷಮಿಸಿಬಿಟ್ಟೆ ಅಂತ ಬರೀಬೇಡಿ ಸಾರ್" ಎನ್ನುತ್ತಾರೆ ಮುನಿತಾಯಮ್ಮ. "ಹೋಗಿದ್ದ ವರ್ಷಗಳು ವಾಪಸ್ ಬರಲ್ಲ. ಆದ್ರೆ ನಾನು ತಿರುಗಿ ನೋಡ್ದೆ. ಹತ್ರ ಹೋಗಿ ಕೂತ್ಕೊಂಡೆ. ಆವತ್ತು ಇಬ್ರೂ ಹಳೇ ಶೂಟಿಂಗ್ ವಿಷಯ ಮಾತಾಡ್ದೋ. ಮಾತಾಡಿದ್ದು ನಾನೇ, ಅವ್ರು ನಗ್ತಾ ಇದ್ರು."

ಕೆಲವು ವಾರಗಳಲ್ಲಿ ಸೇತುರಾಮ ತೀರಿಕೊಂಡರು. ಪತ್ರಿಕೆಗಳಲ್ಲಿ ನಾಲ್ಕು ಸಾಲಿನ ಸುದ್ದಿ ಬಂತು. 'ಹದಿನೇಳನೇ ನಂಬರಿನ ಮನೆ'ಯ ಒಂದು ಕಂತೂ ಇವತ್ತು ಎಲ್ಲೂ ಸಿಗುವುದಿಲ್ಲ. ಆ ಟೇಪುಗಳನ್ನು ಅಳಿಸಿ ಬೇರೇನನ್ನೋ ತುಂಬಿದ್ದಾಯಿತೆಂದು ಕೇಳಿದ್ದಾರೆ. ಮುನಿತಾಯಮ್ಮನಿಗೆ ಅದರ ಕೊರಗು ಉಂಟು. ಆಗಾಗ ಮೊಬೈಲಿನಲ್ಲಿ ಹುಡುಕುತ್ತಾರೆ, ಸಿಗದೆ ಮೊಬೈಲು ಪಕ್ಕಕ್ಕಿಡುತ್ತಾರೆ.

ಮಧ್ಯಾಹ್ನ ಅವರ ಜೊತೆ ವಿಜಯನಗರದ ಮನೆಗೆ ಹೋಗುತ್ತೇವೆ. ಎಪ್ಪತ್ತೈದರ ಶಂಭುಲಿಂಗಪ್ಪನವರಿಗೆ ಕಣ್ಣು ಮಂಜಾಗಿದೆ. ಆದರೂ ಕಿಟಕಿಯ ಬಳಿ ಕೂತು, ಬರೀ ಬೆರಳ ಅಂದಾಜಿನಲ್ಲಿ ರವಿಕೆಗಳಿಗೆ ಹುಕ್ಕು ಹಚ್ಚುತ್ತಿದ್ದಾರೆ. ನಮ್ಮ ಛಾಯಾಗ್ರಾಹಕರು ಮುನಿತಾಯಮ್ಮನನ್ನು ಬಾಗಿಲ ಬಳಿ ನಿಲ್ಲಿಸಿ ಕ್ಯಾಮರಾ ಎತ್ತುತ್ತಾರೆ. ಅವರು ಕೈ ಅಡ್ಡ ಹಿಡಿಯುತ್ತಾರೆ.

"ಒಂದ್ನಿಮಿಷ ಸಾರ್. ಹಾಕೋದಾದ್ರೆ ಇಬ್ರದೂ ಒಟ್ಟಿಗೆ ಹಾಕಿ. ನಮ್ಮ ಮದುವೇಲಿ ಒಂದು ಫೋಟೋನೂ ತೆಗೆಸಿಲ್ಲ. ಅದೊಂದು ಆಸೆ ಉಳ್ಕೊಂಡಿದೆ."

"ನಾ ಏನ್ ಮಾಡೀನಿ ಅಂತ ನಂದ್ಯಾಕ ಫೋಟೋ?" ಎಂದು ಶಂಭುಲಿಂಗಪ್ಪ ಗೊಣಗುತ್ತಲೇ ಎದ್ದು ಬರುತ್ತಾರೆ. ಮುನಿತಾಯಮ್ಮ ಅವರ ಅಂಗಿಯ ಕಾಲರು ಸರಿಮಾಡಿ, ಮೇಲಿನ ಗುಂಡಿ ಹಾಕಿ, ಒಂದು ಹೆಜ್ಜೆ ಹಿಂದೆ ಸರಿದು ನೋಡುತ್ತಾರೆ. ಆಮೇಲೆ ಬಂದು ಪಕ್ಕದಲ್ಲಿ ನಿಲ್ಲುತ್ತಾರೆ.

"ಹೂಂ, ಈಗ ತೆಗೀರಿ."