ಕಸ್ತೂರಿಯ ಚಿತ್ರದಲ್ಲಿ ನಾನು ಅಳಿಸಿದ ಚುಕ್ಕೆ

ಆ ಚುಕ್ಕೆಯನ್ನು ಅಳಿಸಿದವನು ನಾನು. ಕ್ಯಾಮರಾ ಅಲ್ಲ, ಕಂಪ್ಯೂಟರೂ ಅಲ್ಲ — ನಾನು. ಹಾಡಹಗಲು, ಎಡಗೈಯಲ್ಲಿ ಚಹಾದ ಕಪ್ಪು, ಬಲಗೈಯಲ್ಲಿ ಮೌಸು ಹಿಡಿದುಕೊಂಡು, ನಗುನಗುತ್ತ ಅಳಿಸಿದೆ. ಅದು ತಪ್ಪೆಂದು ಅಂದೇ ಸಂಜೆ ಗೊತ್ತಾಯಿತು. ಗೊತ್ತಾದ ಮೇಲೂ ಆರು ವರ್ಷ ಬಾಯಿ ಬಿಡಲಿಲ್ಲ.

ಅಂದು ಅಂಬೇವಾಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಇದ್ದವರು ನಾಲ್ವರು. ಕಂಪ್ಯೂಟರಿನ ಮುಂದಿನ ಕುರ್ಚಿಯಲ್ಲಿ ನಾನು — ಕಾಗದದ ಕಾರ್ಖಾನೆಯಲ್ಲಿ ಅಳತೆಯ ಉಪಕರಣಗಳನ್ನು ಸರಿಪಡಿಸುತ್ತಲೇ ನಿವೃತ್ತನಾದವನು. ಸಂಬಳ ನಿಂತರೂ ಜಂಬ ನಿಂತಿರಲಿಲ್ಲ. ನನ್ನ ಬೆನ್ನ ಹಿಂದೆ, ನನ್ನ ಹಾಗೇ ಆಕಾಶದ ಚಿತ್ರ ತೆಗೆಯುವ ಹುಚ್ಚಿನ, ಜೋಯಿಡಾ ಕಡೆಯ ಗಾವಡೆ ಮಾಸ್ತರರು. ಅಡುಗೆಮನೆಯ ಬಾಗಿಲಲ್ಲಿ ನನ್ನ ಹೆಂಡತಿ ಸುಶೀಲಾ. ಗೋಡೆಗೆ ಹಾಕಿದ ಸ್ಟೂಲಿನ ತುದಿಯಲ್ಲಿ, ಇನ್ನೇನು ಏಳುವವಳಂತೆ ಕೂತವಳು ಕಸ್ತೂರಿ — ಮುಂಡಗೋಡ ತಾಲೂಕಿನ ಚಿಗಳ್ಳಿಯಲ್ಲಿ ಹೆಂಗಸರ ಜಂಪರು, ಶಾಲೆ ಮಕ್ಕಳ ಅಂಗಿ-ಚಡ್ಡಿ ಹೊಲಿಯುವ ಹೆಣ್ಣುಮಗಳು. ಎರಡು ಬಸ್ಸು ಬದಲಿಸಿ ಬಂದಿದ್ದಳು.

ಆಕೆ ನಮ್ಮ ಹವ್ಯಾಸಿಗಳ ಗುಂಪಿಗೆ ಬಂದ ಬಗೆಯನ್ನು ಹೇಳಬೇಕು. ಚಿಗಳ್ಳಿ ಸುಶೀಲಾಳ ತವರು. ನನ್ನ ದೂರದರ್ಶಕದ ಬಾಯಿಗೆ ಕಟ್ಟಲು ಒಂದು ಬಿಳಿ ಬಟ್ಟೆಯ ಟೋಪಿ ಬೇಕಿತ್ತು, ಎರಡು ಪದರಿನದು, ಒಂದೂ ನಿರಿಗೆ ಇರಬಾರದು. ಆ ಬಟ್ಟೆಯ ಮೂಲಕ ಬರುವ ಸಮನಾದ ಬೆಳಕಿನ ಚಿತ್ರ ತೆಗೆದರೆ ಗಾಜಿನ ಮೇಲೆ ಎಲ್ಲೆಲ್ಲಿ ಧೂಳು ಕೂತಿದೆ, ಯಾವ ಮೂಲೆ ಮಂಕಾಗಿದೆ ಎಂಬುದು ಕಾಣುತ್ತದೆ. ಆಮೇಲೆ ಆಕಾಶದ ಚಿತ್ರದಿಂದ ಆ ಕುಂದನ್ನು ತೆಗೆದುಹಾಕಬಹುದು. ಕಸ್ತೂರಿ ಟೋಪಿ ಹೊಲಿದುಕೊಟ್ಟಳು, ಯಾಕೆಂದು ಕೇಳಿದಳು. ನಾನು ವಿವರಿಸಿ ಮುಗಿಸುವ ಮೊದಲೇ ಅಂದಳು:

"ಅಂದ್ರ ಮೊದ್ಲ ಕನ್ನಡಿ ಎಲ್ಲಿ ಹೊಲಸಾಗೇತಿ ಅಂತ ನೋಡೂದು, ಆಮ್ಯಾಲೆ ಮಾರಿ ನೋಡ್ಕೊಳ್ಳೂದು. ಹೌದಲ್ರಿ ಕಾಕಾ?"

ಇಷ್ಟು ಸ್ವಚ್ಛವಾಗಿ ನಾನು ಯಾರಿಗೂ ಅದನ್ನು ಹೇಳಿಕೊಟ್ಟಿಲ್ಲ. ನಾನು ಮಾಡಿದ್ದೇನು ಗೊತ್ತೇ? ಒಂದು ತಿಂಗಳು ಊರೆಲ್ಲ ಹೇಳಿಕೊಂಡು ನಕ್ಕೆ — ನಮ್ಮ ಟೇಲರವ್ವನಿಗೆ ಖಗೋಳ ಅಂದರೆ ಮುಖ ತೊಳೆಯುವುದಂತೆ!

ಆಮೇಲೆ ನನ್ನ ಹಳೆಯ ಸಣ್ಣ ದೂರದರ್ಶಕ, ಹಳೆಯ ಕ್ಯಾಮರಾ, ತಿರುಗುವಾಗ ನರಳುವ ಮೋಟಾರಿನ ಸ್ಟ್ಯಾಂಡು, ಇಷ್ಟನ್ನು ಆಕೆಗೆ ಕೊಟ್ಟೆ. ಕೊಟ್ಟೆ ಎನ್ನುವುದೂ ಸುಳ್ಳೇ. ಹೊಸದು ಬಂದಿತ್ತು, ಹಳೆಯದಕ್ಕೆ ಅಟ್ಟದಲ್ಲಿ ಜಾಗವಿರಲಿಲ್ಲ. ಹಳಸಿದ್ದನ್ನು ನೀಡಿ ಪುಣ್ಯ ಕಟ್ಟಿಕೊಳ್ಳುವವರನ್ನು ಕಂಡರೆ ನಮ್ಮಜ್ಜಿಗೆ ಆಗುತ್ತಿರಲಿಲ್ಲ. ಅವಳ ಮೊಮ್ಮಗ ಅದನ್ನೇ ಮಾಡಿದ.

ನಮ್ಮಂಥವರ ಬಗ್ಗೆ ನಾಲ್ಕು ಮಾತು ಇಲ್ಲಿ ಆಡಿಬಿಡುತ್ತೇನೆ, ಇನ್ನೊಬ್ಬರು ಆಡಿದರೆ ಸಿಟ್ಟು ಬರುತ್ತದೆ. ದೀಪಗಳು ಆಕಾಶವನ್ನೇ ಹಳದಿ ಮಾಡಿದ ಊರಿನ ತಾರಸಿಯ ಮೇಲೆ ದುಬಾರಿ ಗಾಜು ನಿಲ್ಲಿಸಿಕೊಂಡು, ಆಕಾಶಕ್ಕಿಂತ ಹೆಚ್ಚು ಹೊತ್ತು ಒಬ್ಬರ ಸಾಮಾನನ್ನೊಬ್ಬರು ನೋಡುವವರು ನಾವು. ನಿನ್ನ ಲೆನ್ಸು ಯಾವುದು, ನನ್ನ ಫಿಲ್ಟರು ಯಾವುದು — ಬೀಗರು ಬಂಗಾರ ತೂಗಿದ ಹಾಗೆ. ಆಮೇಲೆ ಕಂಪ್ಯೂಟರಿನ ಮುಂದೆ ಕೂತು, ಇಲ್ಲದ ನೇರಳೆ, ಇಲ್ಲದ ಗುಲಾಬಿ ಬಳಿದು, ಗ್ಯಾಲಕ್ಸಿಯನ್ನು ಬೆಂಡು-ಬತ್ತಾಸು ಮಾಡಿ, ಹತ್ತು ಜನ ಭೇಷ್ ಅಂದರೆ ಮಲಗುವವರು. ಇದರಲ್ಲಿ ನಾನು ಎಲ್ಲರಿಗಿಂತ ಮುಂದೆ.

ಕಸ್ತೂರಿಗೆ ಬಳಿಯಲು ಬರುತ್ತಿರಲಿಲ್ಲ. ಆಕೆಗೆ ಇದ್ದದ್ದು ಚಿಗಳ್ಳಿಯ ಕಪ್ಪು ಆಕಾಶ ಮತ್ತು ಸೂಜಿಗೆ ದಾರ ಪೋಣಿಸಿ ಪಳಗಿದ ಕಣ್ಣು. ಆಂಡ್ರೋಮಿಡಾ ಗ್ಯಾಲಕ್ಸಿಯ ತೊಂಬತ್ತು ಚಿತ್ರ ತೆಗೆದಿದ್ದಳು, ಅವನ್ನು ಒಂದರ ಮೇಲೊಂದು ಹೊಂದಿಸಿ ಒಂದೇ ಚಿತ್ರ ಮಾಡುವ ಕೆಲಸ ನನ್ನದು. ದಾಂಡೇಲಿಯ ಒಂದು ಶಾಲೆಯ ಸಭಾಗೃಹದಲ್ಲಿ ನಮ್ಮ ಗುಂಪಿನ ಚಿತ್ರಗಳನ್ನು ತೂಗುಹಾಕುವುದಿತ್ತು. ಆಕೆಯದು ಅಲ್ಲಿ ಮೊದಲ ಸಲ.

ಚಿತ್ರ ಪರದೆಯ ಮೇಲೆ ಬಂತು. ಚೆನ್ನಾಗಿತ್ತು — ಬೇಡದಷ್ಟು ಚೆನ್ನಾಗಿತ್ತು. ಗ್ಯಾಲಕ್ಸಿಯ ಅಂಚಿನಲ್ಲಿ ಒಂದು ಸಣ್ಣ ಬಿಳಿ ಚುಕ್ಕೆ.

"ಇದ ನೋಡ್ರಿ ಕಾಕಾ," ಕಸ್ತೂರಿ ಸ್ಟೂಲಿನಿಂದ ಎದ್ದು ಬಂದಳು. "ಹೋದ ತಿಂಗಳ ಇಲ್ಲೇ ತಗದಿದ್ನಿ. ಇದು ಇದ್ದಿದ್ದಿಲ್ಲ."

"ಕ್ಯಾಮರಾ ಹುಟ್ಟಿಸಿದ ಚುಕ್ಕಿ ಇದು," ಅಂದೆ. ಕ್ಯಾಮರಾ ಬಿಸಿಯಾದಾಗ ಅದರ ಕಣ್ಣಿನಲ್ಲೇ ಇಂಥ ಸುಳ್ಳು ಚುಕ್ಕೆಗಳು ಏಳುತ್ತವೆ. ಅವನ್ನು ಹಿಡಿಯಲು ದೂರದರ್ಶಕಕ್ಕೆ ಮುಚ್ಚಳ ಹಾಕಿ ಕೆಲವು ಕತ್ತಲ ಚಿತ್ರ ತೆಗೆಯಬೇಕು. ಅದರಲ್ಲಿ ಕಂಡದ್ದು ಕ್ಯಾಮರಾದ್ದು, ಆಕಾಶದ್ದಲ್ಲ. "ಮುಚ್ಚಳಾ ಹಾಕಿ ತಗಿ ಅಂತ ಬಡ್ಕೊಂಡಿದ್ದೆ. ತಗದಿಲ್ಲ ನೀ."

"ತಗದೇನ್ರಿ. ನಲವತ್ತು ಅದಾವ."

"ಹಂಗಾರ ಮುಚ್ಚಳಾ ಸಡ್ಲ ಬಿಟ್ಟಿರಬೇಕು."

ಆಕೆ ತಗ್ಗಿದ ದನಿಯಲ್ಲಿ ಅಂದಳು — ಆ ಮಾತು ನನಗೆ ಅಕ್ಷರಕ್ಕಕ್ಷರ ನೆನಪಿದೆ — "ಕಾಕಾ, ಕಣ್ಣಿಗಿಟ್ಟ ಚಾಳೀಸಿನ ಮ್ಯಾಲಿನ ಕಲಿ ಆದ್ರ ಬಟ್ಟಿ ಸರಿಸಿದ್ರೂ ಅಲ್ಲೇ ಇರತೈತಿ. ಬಟ್ಟಿ ಮ್ಯಾಲಿಂದಾದ್ರ ಬಟ್ಟಿ ಕೂಡ ಹೋಗತೈತಿ. ಮೊದಲನೇ ಚಿತ್ರಾ, ಕಡೀ ಚಿತ್ರಾ ಎರಡೂ ತಗದ ನೋಡೂಣು? ಮೋಟಾರ ಎಳದ ಎಳದ ಆಕಾಶ ಒಂದೀಟ ಸರದೈತಲ್ರಿ."

ಎರಡು ನಿಮಿಷದ ಕೆಲಸ. ಕಲಿಯಲು ಬಂದವರಿಗೆ ನಾನೇ ಮೊದಲ ದಿನ ಹೇಳುವ ಪಾಠ. ಆದರೆ ಅದನ್ನು ಟೇಲರಿನಿಂದ ಹೇಳಿಸಿಕೊಳ್ಳುವುದೇ — ಅದೂ ಮಾಸ್ತರರ ಎದುರು?

"ಕಸ್ತೂರವ್ವಾ," ಅಂದೆ, "ಇದು ಆಕಾಶ. ಜಂಪರ್ ಅಲ್ಲ, ಅಳತಿ ತಪ್ಪಿದ್ರ ಬಿಚ್ಚಿ ಹೊಲ್ಯಾಕ."

ಗಾವಡೆ ಮಾಸ್ತರರು ಗೊಳ್ಳೆಂದು ನಕ್ಕರು. "ಬರೋಬರ್ ಹೇಳಿದ್ರಿ ಸಾಹೇಬ್ರ!" ಸುಶೀಲಾ ಮಾತ್ರ, "ಆಕಿ ಅಷ್ಟ ಹೇಳ್ಲಿಕತ್ತಾಳ, ಒಮ್ಮೆ ನೋಡಿದ್ರ ನಿಮ್ಮ ಗಂಟೇನ ಹೋಗತೈತ್ರಿ?" ಅಂದಳು. ನಾನು ಚಹಾ ಗುಟುಕರಿಸಿ, ಪಕ್ಕದ ಕಪ್ಪು ಆಕಾಶದ ತುಣುಕನ್ನು ಎತ್ತಿ ಚುಕ್ಕೆಯ ಮೇಲೆ ತೇಪೆ ಹಾಕಿದೆ. ಚುಕ್ಕೆ ಹೋಯಿತು. ಕಸ್ತೂರಿ ಹೋಗಿ ಸ್ಟೂಲಿನ ಮೇಲೆ ಕೂತಳು.

ಸಂಜೆ ಎಲ್ಲರೂ ಹೋದ ಮೇಲೆ, ಯಾಕೋ — ಸುಶೀಲಾಳ ಮಾತು ಚುಚ್ಚಿತ್ತೋ ಏನೋ — ಮೊದಲ ಚಿತ್ರ, ಕೊನೆಯ ಚಿತ್ರ ತೆರೆದೆ. ಮೋಟಾರಿನ ಕುಂಟುತನಕ್ಕೆ ಗ್ಯಾಲಕ್ಸಿ ಪರದೆಯ ಮೇಲೆ ಹೆಬ್ಬೆರಳಿನಗಲ ಸರಿದಿತ್ತು. ಚುಕ್ಕೆಯೂ ಅದರ ಜೊತೆಗೆ, ನೆರೆಯ ನಕ್ಷತ್ರಗಳ ಸಾಲು ಬಿಡದೆ, ಅಷ್ಟೇ ಸರಿದಿತ್ತು. ಅದು ಕ್ಯಾಮರಾದ್ದಲ್ಲ. ನನ್ನ ಹಳೆಯ ಚಿತ್ರಗಳನ್ನೆಲ್ಲ ತೆಗೆದು ನೋಡಿದೆ, ಯಾವುದರಲ್ಲೂ ಆ ಜಾಗದಲ್ಲಿ ಏನೂ ಇರಲಿಲ್ಲ. ನೋವಾ — ಮಂಕಾಗಿ ಬಿದ್ದ ನಕ್ಷತ್ರ ಹಠಾತ್ತನೆ ಹೊತ್ತಿಕೊಂಡು ಕೆಲವು ದಿನ ಹೊಳೆದು ಮತ್ತೆ ಅಡಗುವುದು. ಮೊದಲು ಕಂಡು ತಿಳಿಸಿದವರ ಹೆಸರು ಅದರ ಮುಂದೆ ದಾಖಲಾಗುತ್ತದೆ.

ಫೋನು ಮೇಜಿನ ಮೇಲೇ ಇತ್ತು.

ಮಾಡಲಿಲ್ಲ. ಮಾಡಿದ್ದರೆ ಏನೆನ್ನಬೇಕಿತ್ತು — ನೀನು ಅಂದದ್ದು ಸರಿ ಎಂದಷ್ಟೇ ತಾನೆ? ಮೂರು ಮಾತು. ಆ ಮೂರು ಮಾತಿಗೆ ನನ್ನ ಜಂಬ ಒಪ್ಪಲಿಲ್ಲ. ಅದರ ಕೆಳಗೆ ಇನ್ನೂ ಕೊಳಕಾದ ಒಂದು ಯೋಚನೆ ಇತ್ತು: ಹತ್ತು ವರ್ಷ ಹೊಸ ಹೊಸ ಸಾಮಾನು ತಂದ ನನಗೆ ಸಿಗದ್ದು, ನಾನು ಎಸೆದ ಸಾಮಾನಿನಲ್ಲಿ ಇವಳಿಗೆ...

ಮುಂದಿನ ವಾರ ಸುದ್ದಿ ಓದಿದೆ. ಅದೇ ಜಾಗ, ಅದೇ ಚುಕ್ಕೆ; ಯಾವುದೋ ದೇಶದ ನಮ್ಮಂಥ ಒಬ್ಬ ಹವ್ಯಾಸಿ ಕಂಡಿದ್ದ. ಅವನು ಕಂಡ ದಿನ ನಾನು ತೇಪೆ ಹಾಕಿದ ಮರುದಿನ. ಆ ಸಂಜೆ ನಾನು ಫೋನಿಗೆ ಕೈ ಚಾಚಿದ್ದರೆ ಸಾಕಿತ್ತು.

ಪ್ರದರ್ಶನದಲ್ಲಿ ಕಸ್ತೂರಿ ತನ್ನ ಚಿತ್ರದ ಮುಂದೆ ನಿಂತಿದ್ದಳು. ಚಿತ್ರ ನೋಡುತ್ತಿರಲಿಲ್ಲ, ತೇಪೆ ನೋಡುತ್ತಿದ್ದಳು — ಹೊಲಿಗೆಯವಳ ಕಣ್ಣಿಗೆ ಅದು ಮರೆಯಾಗುತ್ತದೆಯೇ? ಹದಿನೈದು ದಿನಕ್ಕೆ ದೂರದರ್ಶಕ, ಕ್ಯಾಮರಾ, ಸ್ಟ್ಯಾಂಡು ಎಲ್ಲ ಒರೆಸಿ, ಹೊಸ ಚೀಲ ಹೊಲಿದು ಅದರಲ್ಲಿಟ್ಟು ತಂದು ಮರಳಿಸಿದಳು.

"ಇದು ನನ್ನ ಕೈಲಿ ಆಗೂದಲ್ಲ ಬಿಡ್ರಿ ಕಾಕಾ. ಆ ತೊಂಬತ್ತು ಚಿತ್ರ ಅದಾವೇನ್ರಿ? ಒಮ್ಮೆ ನೋಡ್ತಿದ್ನಿ. ಕಾರ್ಡ್ ನಿಮ್ಮ ಕಡೇನ ಉಳೀತು."

"ಇಲ್ಲವಾ. ಡಿಸ್ಕಿಗೆ ಹಾಕಿ ಕಾರ್ಡ್ ಅಳಿಸಿದ್ದೆ, ಡಿಸ್ಕ್ ಕೆಟ್ಟ ಹೋತು," ಅಂದೆ.

ಕೆಟ್ಟಿರಲಿಲ್ಲ. ಅವಳ ಹೆಸರು ಬರೆದು ಕಪಾಟಿನಲ್ಲಿಟ್ಟಿದ್ದೆ. ಯಾಕೆ ಇಟ್ಟೆ? ಅಳಿಸುವ ಧೈರ್ಯವೂ ಇರಲಿಲ್ಲ, ಕೊಡುವ ಧೈರ್ಯವೂ ಇರಲಿಲ್ಲ. ನನ್ನಂಥವನಿಂದ ನೆಟ್ಟಗೆ ಒಂದು ಕಳ್ಳತನವೂ ಆಗದು.

ಈಗ ಹೇಳುತ್ತಿರುವುದು ಅಂತಃಕರಣ ಕರಗಿ ಎಂದು ತಿಳಿಯಬೇಡಿ. ಈ ವರ್ಷ ಮೌಳಂಗಿಯಲ್ಲಿ ಹೊಳೆಯ ದಂಡೆಗೆ ಹೊಸಬರನ್ನು ಸೇರಿಸಿ ಪಾಠ ಇಟ್ಟಿದ್ದೆವು. ಮಾಸ್ತರರು ಮುಚ್ಚಳದ ಪಾಠ ಹೇಳುತ್ತ, "ನಮ್ಮಲ್ಲೊಬ್ಬಳು ಟೇಲರ್ ಇದ್ದಳ್ರಿ, ಮುಚ್ಚಳಾ ಸಡ್ಲ ಬಿಟ್ಟು ಹೊಸಾ ನಕ್ಷತ್ರ ಹಡದಿದ್ಲು!" ಅಂದರು. ಎಲ್ಲರೂ ನಕ್ಕರು. ಮಾಸ್ತರರ ತಪ್ಪೇನು? ನನ್ನ ಮಾತನ್ನು ನಂಬಿದ್ದರು. ನನ್ನ ಸುಳ್ಳು ಆರು ವರ್ಷದಲ್ಲಿ ಪಾಠವಾಗಿತ್ತು, ಕಸ್ತೂರಿ ಅದರ ದಡ್ಡ ಉದಾಹರಣೆ. ಆ ನಗೆಯ ನಡುವೆ ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಮಾಸ್ತರರು ನನ್ನ ಮುಖ ನೋಡದೆ ತಮ್ಮ ಚೀಲ ಕಟ್ಟಿಕೊಂಡರು.

ಮರುದಿನ ಚಿಗಳ್ಳಿಗೆ ಹೋದೆ. ಆ ಡಿಸ್ಕನ್ನೂ ಹಳೆಯ ದೂರದರ್ಶಕವನ್ನೂ ಒಯ್ದಿದ್ದೆ. ಕಸ್ತೂರಿ ಹೊಲಿಗೆಯಂತ್ರದ ಮೇಲಿನಿಂದ ಕೈ ತೆಗೆದು, ಪೂರ್ತಿ ಕೇಳಿಸಿಕೊಂಡಳು. ನಾನು ಲ್ಯಾಪ್‌ಟಾಪಿನಲ್ಲಿ ಮೊದಲ ಚಿತ್ರ, ಕೊನೆಯ ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿದಳು.

"ಆರು ವರ್ಷ," ಅಂದಳು, "ನಾನ ಮುಚ್ಚಳಾ ಸಡ್ಲ ಬಿಟ್ಟೇನಿ ಅಂತ ತಿಳ್ಕೊಂಡಿದ್ನಿ."

ಆಕೆ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆನೇನೋ.

"ಡಿಸ್ಕ್ ಅಷ್ಟ ಬಿಟ್ಟ ಹೋಗ್ರಿ. ಆ ದುರ್ಬೀನ ವಾಪಸ್ ಒಯ್ರಿ."

ಹಾಗೇ ಹೊತ್ತು ತಂದೆ.

ಕಳೆದ ತಿಂಗಳು ಗಾವಡೆ ಮಾಸ್ತರರು ದಾಂಡೇಲಿಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಕಸ್ತೂರಿ ತಾನೇ ಒಂದು ಕ್ಯಾಮರಾ ಕೊಂಡಿದ್ದಾಳಂತೆ. ಆಕಾಶದ ಹೊಸ ಚಿತ್ರಗಳನ್ನು ಅವರಿಗೆ ಕಳಿಸಿದ್ದಾಳೆ, ಅಂಬೇವಾಡಿಯ ಕಾಕಾಗೆ ತೋರಿಸಬೇಡಿ ಎಂದು ಹೇಳಿದ್ದಾಳೆ. ಮಾಸ್ತರರ ಫೋನು ಅವರ ಕೈಯಲ್ಲೇ ಇತ್ತು. ಅವರು ತೋರಿಸಲಿಲ್ಲ. ನಾನೂ ಕೇಳಲಿಲ್ಲ.